ಜ್ವರ ಬಿಟ್ಟ ದಿನ

ನಾನು ಏನು ಕೆಲಸ ಮಾಡತೀನಿ ಅಂತ ಯಾರಾದ್ರೂ ಕೇಳಿದ್ರ, ನಾ ಬಾಯಿ ತೆಗಿಯೂದ್ರೊಳಗ ನಮ್ಮತ್ತಿ ಉತ್ತರ ಕೊಟ್ಟುಬಿಡತಿದ್ರು. "ಇಲಿಗೆ ಜಡ್ಡು ಹಚ್ಚತಾಳ, ಆಮ್ಯಾಲ ತಾನ ಔಷಧ ಕೊಡತಾಳ. ಸುಮ್ನ ಬಿಟ್ಟಿದ್ರ ಅವು ಕಾಳು ತಿಂದು ಆರಾಮ ಇರತಿದ್ವು." ಖಾನಾಪುರದಾಗ ಅವರ ಓಣಿಯವ್ರು ಇದನ್ನ ಕೇಳಿ ಕೇಳಿ ನನಗ 'ಇಲಿ ಡಾಕ್ಟರ್' ಅಂತ ಹೆಸರಿಟ್ಟಿದ್ರು. ನನಗ ಸಿಟ್ಟು ಬರತಿತ್ತು, ಯಾಕಂದ್ರ ಅತ್ತಿ ಹೇಳೂದು ಖರೇನ ಇತ್ತು. ಸೊಸಿ ಆದಾಕಿ ಅತ್ತಿ ಮುಂದ ಸಿಟ್ಟು ತೋರಸಬಾರದು ಅಂತಾರ. ನಾ ಧಾರಾಳ ತೋರಸತಿದ್ದೆ, ಅವರೂ ನನಗ ತೋರಸತಿದ್ರು, ಹಂಗಾಗಿನ ನಮ್ಮಿಬ್ಬರದು ಚೊಲೋ ಹೊಂದಿತ್ತು. ನಮ್ಮವ್ವ ನಾ ಸಣ್ಣಾಕಿ ಇದ್ದಾಗನ ತೀರಿಕೊಂಡಾಳ. ನನ್ನ ಬೈದು, ತಲಿಗೆ ಎಣ್ಣಿ ಹಚ್ಚಿ, ಮತ್ತ ಬೈಯೂ ಹೆಂಗಸು ಅಂದ್ರ ಈ ಜಗತ್ತಿನ್ಯಾಗ ನಮ್ಮತ್ತಿ ಒಬ್ರ.

ಕೆಲಸದ ಮಾತು ಜರಾ ಹೇಳಬೇಕು. ರಕ್ತಕ್ಕ ನಂಜು ಏರೂದು ಅಂತ ಕೇಳಿರತೀರಿ. ಒಂದು ಸಣ್ಣ ಗಾಯದಿಂದ ಶುರು ಆಗತೈತಿ, ಆಮ್ಯಾಲ ಮೈ ತನ್ನ ಮ್ಯಾಲ ತಾನ ತಿರುಗಿ ಬೀಳತೈತಿ. ಸೋಂಕಿನ ಕೂಡ ಜಗಳಾಡಾಕ ಎದ್ದ ಉರಿ ಆರೂದಿಲ್ಲ, ಕಿಡ್ನಿ, ಶ್ವಾಸಕೋಶ, ಸಿಕ್ಕಿದ್ದೆಲ್ಲಾ ಸುಡಾಕ ಹತ್ತತೈತಿ. ಈ ಉರಿ ಆರಸಾಕ ಮೈಯೊಳಗನ ಒಂದು ವ್ಯವಸ್ಥಾ ಐತಿ. ನಾವು ತಿಂದ ಎಣ್ಣಿ, ಕೊಬ್ಬಿನಿಂದ ಮೈ ತಾನ ಕೆಲವು ಪದಾರ್ಥ ತಯಾರು ಮಾಡತೈತಿ. ಅವು ಬಂದು 'ಸಾಕು, ಇನ್ನ ಮನಿಗೆ ನಡೀರಿ' ಅಂತ ಜಗಳ ಬಿಡಸತಾವು. ಅಂಥಾದೊಂದನ್ನ ಹೊರಗಿಂದ ಕೊಟ್ರ ನಂಜೇರಿದ ಇಲಿ ಉಳೀತಾವೇನು? ಬೆಳಗಾವಿಯ ಒಂದು ಪ್ರಯೋಗಶಾಲೆಯೊಳಗ ಕುಂತು ನಾವು ಹುಡುಕೂದು ಇಷ್ಟ.

ಅರ್ಧ ಇಲಿಗೆ ಔಷಧ, ಅರ್ಧಕ್ಕ ಬರೇ ಉಪ್ಪುನೀರು. ಯಾವುದಕ್ಕ ಯಾವುದು ಹೋತು ಅಂತ ನೋಡೂ ಮನಶ್ಯಾಗ ಗೊತ್ತಿರಬಾರದು. ಗೊತ್ತಿದ್ರ ಕಣ್ಣು ತನಗ ಬೇಕಾದ್ದನ್ನ ನೋಡತೈತಿ. ಹಂಗಾಗಿ ಟ್ಯೂಬ್ ತುಂಬೂದು ಶಹಾಪುರದ ಒಬ್ಬ ಗೆಳತಿ ಕೆಲಸ. ಜೈನರಾಕಿ. ಇಲಿ ಖೋಲಿಯೊಳಗ ಕಾಲಿಡೂದಿಲ್ಲ ಅಂತ ಮೊದಲ ಹೇಳಿ ಕೆಲಸಕ್ಕ ಸೇರಿದಾಕಿ. ಔಷಧಕ್ಕ ಬೆಳಕು ತಾಗಬಾರದಂತ ಬೆಳ್ಳಿ ಕಾಗದ ಸುತ್ತಿ, ಕೆಂಪು ಮುಚ್ಚಳದವು ಹಸರು ಮುಚ್ಚಳದವು ಅಂತ ಬ್ಯಾರೆ ಮಾಡಿ, ಬಾಗಲದಾಗ ನಿಂತು ನನ್ನ ಕೈಗೆ ಕೊಟ್ಟು ಹೋಗತಿದ್ಲು. ಸರತಿಗೊಮ್ಮೆ ಬಣ್ಣ ಬದಲಿ ಮಾಡತಿದ್ಲು; ಯಾವ ಬಣ್ಣ ಔಷಧ, ಯಾವ ಬಣ್ಣ ನೀರು ಅನ್ನೂದು ಆಕಿ ಒಬ್ಬಾಕಿಗೆ ಗೊತ್ತು. ಹೊತ್ತು ಮುಳುಗೂದ್ರೊಳಗ ಉಣಬೇಕಂತ ಗಡಿಬಿಡಿಲೆ ಡಬ್ಬಿ ಬಿಚ್ಚಿ ಕುಂತಾಗ, "ಎಷ್ಟು ಉಳದಾವು" ಅಂತ ಕೇಳತಿದ್ಲು. ನಾ ಹೇಳಿದ ಮ್ಯಾಲ ಸುಮಾರು ಹೊತ್ತು ತುತ್ತು ಎತ್ತತಿದ್ದಿಲ್ಲ.

ಆ ಖೋಲಿ ಬಗ್ಗೆ ಹೇಳಿದ್ರ ಜನ ನಗತಾರ. ಆರಾಮ ಇರೂ ಇಲಿ ಇದ್ದಲ್ಲೆ ಸಪ್ಪಳ ಇರತೈತಿ: ಕಾಗದ ಹರಿಯೂದು, ಕೆರಿಯೂದು, ನೀರಿನ ನಳಿಗೆ ಹಲ್ಲು ತಾಗೂದು. ನಂಜು ಚುಚ್ಚಿದ ಮ್ಯಾಲ ಆ ಸಪ್ಪಳ ಒಂದೊಂದ ನಿಂತುಹೋಗತೈತಿ. ನಮ್ಮ ಮನಿ ಇರೂದು ವಡಗಾವಿಯೊಳಗ, ಎಡಕ್ಕೂ ಬಲಕ್ಕೂ ಪವರ್‌ಲೂಮ್. ಕರೆಂಟ್ ಹೋತಂದ್ರ ಓಣಿ ಮಗ್ಗೆಲ್ಲಾ ಒಮ್ಮೆಲೆ ನಿಂತು ಕಿವಿ ತೂತು ಬಿದ್ದಂಗ ಆಗತೈತಿ. ಇಲಿ ಖೋಲಿ ಮೌನ ಹಂಗ. ಎಲ್ಲಾ ಒಂದ ಮೂಲಿಯೊಳಗ ಗುಂಪಾಗಿ, ಮುಖ ಒಳಗ ಮಾಡಿ, ನನಗ ಬೆನ್ನು ಕೊಟ್ಟು ಕುಂತಿರತಿದ್ವು. ಕೂದಲಾ ನಿಮಿರಿರತಿತ್ತು, ಕಣ್ಣು ಅರ್ಧ ಮುಚ್ಚಿರತಿತ್ತು. ಪಂಜರದ ಮುಚ್ಚಳಾ ತಗದ್ರ ಒಂದೂ ಓಡತಿದ್ದಿಲ್ಲ. ಇಲಿ ಅಂದ್ರ ಓಡಬೇಕು. ಓಡಲಾರದ ಇಲಿ ಮುಂದ ಹಾಡಹಗಲ ನಿಲ್ಲಾಕೂ ನನಗ ಅಂಜಿಕಿ ಆಗತಿತ್ತು.

ನೋಡೂದಕ್ಕ ಒಂದು ಪದ್ಧತಿ ಐತಿ. ಕೂದಲಾ ಹೆಂಗೈತಿ, ಕಣ್ಣು ಎಷ್ಟು ತೆರದೈತಿ, ನಡೀತೈತೋ ಇಲ್ಲೋ, ಮುಟ್ಟಿದ್ರ ತಿರುಗತೈತೋ ಇಲ್ಲೋ. ಒಂದೊಂದಕ್ಕ ಅಂಕ ಕೊಡಬೇಕು. ಅಂಕ ಕೂಡಿ ಒಂದು ಗಡಿ ದಾಟಿತಂದ್ರ ಆ ಇಲಿನ್ನ ಮುಂದ ನರಳಾಕ ಬಿಡೂಹಂಗಿಲ್ಲ. ಗ್ಯಾಸ್ ಕೊಟ್ಟು ಮಲಗಸತೀವಿ, ಮತ್ತ ಏಳದಂಗ. ಕರುಣಾ ಇರಲಿ ಅಂತನ ಮಾಡಿದ ನಿಯಮ ಅದು. ನಮ್ಮತ್ತಿಗೂ ಒಮ್ಮೆ ಹಂಗ ತಿಳಿಸಿ ಹೇಳಿದ್ದೆ. ಅವ್ರು ಕೈಯಾಗಿನ ಮೆಂತ್ಯ ಸೋಸೂದು ಬಿಟ್ಟು, "ಗ್ಯಾಸ್ ಕೊಡೂದು ನೀನ ಏನು?" ಅಂತ ಕೇಳಿದ್ರು. ಹೌದು ಅಂದೆ. ಆಮ್ಯಾಲ ಅವ್ರು ಮಾತು ಬದಲಿಸಿದ್ರು.

ಮೊದಲನೆ ಸರತಿಗೇ ನಾ ಎಡವಿದೆ. ಕೆಂಪು ಮುಚ್ಚಳದ್ದು ಚುಚ್ಚಿದ ಇಲಿ ನಡಗತಿದ್ವು, ಒದ್ದಾಡತಿದ್ವು, ನೋಡಾಕ ಆಗತಿದ್ದಿಲ್ಲ. ಹಸರಿನವು ನಡಗೂದು ನಿಲ್ಲಿಸಿ, ಒಂದರ ಮ್ಯಾಲ ಒಂದು ತಲಿ ಇಟ್ಟು, ಸಮಾಧಾನಲೆ ಮಲಗಿದ್ವು. ಔಷಧ ಹಸರಿನೊಳಗ ಐತಿ ಅಂತ ನನಗ ಖಾತ್ರಿ ಆತು. ಖುಷಿ ತಡೀಲಾರದ ಅತ್ತಿಗೆ ಫೋನ್ ಹಚ್ಚಿ, "ನಿದ್ದಿ ಹತ್ತೈತಿ ನೋಡ್ರಿ ಅವಕ್ಕ" ಅಂದೆ. "ಪಾಪ, ಮಲಗ್ಲಿ ಬಿಡು" ಅಂದ್ರು. ಕಡೀಕ ಗೆಳತಿ ಗುಟ್ಟು ಬಿಚ್ಚಿದ್ಲು: ಹಸರಿನೊಳಗ ಇದ್ದದ್ದು ಬರೇ ಉಪ್ಪುನೀರು. ನಡಗತಿದ್ದವು ಭಾಳಷ್ಟು ಉಳದಿದ್ವು, ಮಲಗಿದ್ದವು ಮತ್ತ ಎದ್ದಿರಲಿಲ್ಲ. ನಮ್ಮ ಮಾರ್ಗದರ್ಶಕರು ನನ್ನ ಮುಖ ನೋಡಿ, "ಬಿಸಿ ಇತ್ತಂದ್ರ ಮೈಯೊಳಗ ಇನ್ನೂ ಜಗಳ ನಡದೈತಿ ಅಂತ ತಿಳಕೊ. ತಣ್ಣಗಾತಂದ್ರ ಸೋತೈತಿ. ಇನ್ನ ಮ್ಯಾಲ ಮುಖ ನೋಡಬ್ಯಾಡ, ಕಾಲು ಮುಟ್ಟಿ ನೋಡು" ಅಂದ್ರು. ಅವತ್ತಿನಿಂದ ಕೈಗವಸಿನ ಎರಡು ಬೆರಳ ನಡುವ ಆ ಗುಲಾಬಿ ಕಾಲು ಹಿಡದು ನೋಡೂದು ನನ್ನ ಕೈಗೆ ರೂಢಿ ಆಗಿಬಿಟ್ಟಿತು.

ರೂಢಿ ಅಂದ್ರ ಖೋಲಿಯೊಳಗ ಇದ್ರ ಚೊಲೋ. ಅದು ನನ್ನ ಬೆನ್ನ ಹತ್ತಿ ಮನಿಗೆ ಬಂತು. ಬಸ್ಸಿನೊಳಗ ಎದುರು ಕುಂತವ್ರ ಕಣ್ಣು ನೋಡಿ ಅಂಕ ಹಾಕತಿದ್ದೆ. ನಮ್ಮ ಮನಿಯವ್ರು ಮಧ್ಯಾಹ್ನ ಜರಾ ಕಣ್ಣು ಮುಚ್ಚಿದ್ರ ಸಾಕು, ನನ್ನ ಕೈ ತಾನ ಹೋಗಿ ಅವರ ಪಾದ ಹಿಡೀತಿತ್ತು. ಅವ್ರು ಬೆಚ್ಚಿ ಎದ್ದು, "ಏನಾತು?" ಅಂತಿದ್ರು. ಏನಿಲ್ಲ ಅಂತಿದ್ದೆ. ನನ್ನ ಕೈ ನನ್ನ ಮಾತು ಕೇಳೂದಿಲ್ಲ ಅನ್ನೂದು ಒಂಥರಾ ಅಂಜಿಕಿ, ಅನುಭವಿಸಿದವ್ರಿಗೇ ಗೊತ್ತು.

ಹೋದ ಬ್ಯಾಸಗಿಯೊಳಗ ಅತ್ತಿ ಹಿತ್ತಲ ಆಚೆ ಕವಳಿ ಹಣ್ಣು ಹರಿಯಾಕ ಹೋಗಿ ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡ್ರು. ಖಾನಾಪುರದ ಹೆಂಗಸರಿಗೆ ಕವಳಿ ಮುಳ್ಳು ಒಂದು ಲೆಕ್ಕನ? ಅರಿಷಿಣ ಮೆತ್ತಿ ಕೆಲಸಕ್ಕ ಹತ್ತಿದ್ರು. ಬೆರಳು ಬಾತು, ಬಾವು ಮುಂಗೈತನಕಾ ಏರಿ, ಮೈ ಕೆಂಡ ಆತು. ಅವರು ಇರೂದು ನಮ್ಮ ಭಾವ, ಅಂದ್ರ ಅವರ ದೊಡ್ಡ ಮಗನ ಮನಿಯೊಳಗ. ಭಾವ ಊರಾಗಿನ ಡಾಕ್ಟರಿಗೆ ತೋರಿಸಿ, ಇಂಜೆಕ್ಷನ್ ಹಾಕಿಸಿ, ಗುಳಿಗಿ ತಂದಿದ್ರು. ಮತ್ತ ಬರ್ರಿ ಅಂತ ಡಾಕ್ಟರ್ ಹೇಳಿದ್ರಂತ. ಅಷ್ಟರಾಗ ರವಿವಾರ ಮುಂಜಾನಿ ಭಾವ ನಮಗ ಫೋನ್ ಮಾಡಿ, "ಅವ್ವನ ಜ್ವರ ಬಿಟ್ಟಾವು. ಆರಾಮ ಮಲಗ್ಯಾಳ. ಊಟಕ್ಕ ಬರ್ರಿ" ಅಂದ್ರು.

ನಾವು ಮುಟ್ಟಿದಾಗ ಬಿಸಲು ಚುರುಗುಡತಿತ್ತು. ನಮ್ಮ ನೆಗೆಣ್ಣಿ, ಭಾವನ ಹೆಂಡತಿ, ಒಳಗ ಹೋಳಿಗಿ ಬೇಯಿಸಾಕತ್ತಿದ್ಲು, ಟಿವಿ ಹಚ್ಚಿತ್ತು. ಬಾಜು ಮನಿ ಅಜ್ಜಿ ಕಟ್ಟಿ ಮ್ಯಾಲ ಕುಂತು ಮರಾಠಿಯೊಳಗ, ಈಗ ಎಲ್ಲಾ ಬರಾಬರಿ ಐತಿ, ರಾತ್ರಿ ಒಮ್ಮೆನೂ ನರಳಲಿಲ್ಲ ಅಂತ ಹೇಳಿದ್ಲು. ಮನಿ ಎಲ್ಲಾ ನಗತಿತ್ತು. ಕಾಲು ತೊಳಕೊಂಡು ಒಳಗ ಹೋದ್ವಿ.

ಅತ್ತಿ ನಡುಮನಿ ಹಾಸಿಗಿ ಮ್ಯಾಲ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ರು. ಹಣಿ ಮ್ಯಾಲ ವಿಭೂತಿ ಇರಲಿಲ್ಲ. ಲಿಂಗಪೂಜಿ ಆಗೂತನಕಾ ಹನಿ ನೀರು ಬಾಯಿಗೆ ಹಚ್ಚಲಾರದ ಹೆಂಗಸು, ದಿಂಬಿನ ಬಾಜುಕ ಚಹಾ ಕುಡದ ಕಪ್ ಇತ್ತು. "ಬಂದ್ಯಾ" ಅಂದ್ರು. ದನಿ ಮೆತ್ತಗ, ಭಾಳ ಪ್ರೀತಿಲೆ ಬಂತು. ಕಣ್ಣು ಮಾತ್ರ ಅರ್ಧ ತೆರದು ಮೂಲಿ ನೋಡತಿದ್ವು. ನಮ್ಮಲ್ಲೆ ಊರಿಂದ ಬಂದವ್ರು ಹಿರಿಯರ ಪಾದ ಮುಟ್ಟಿ ನಮಸ್ಕಾರ ಮಾಡಬೇಕು. ಹಾಸಿಗಿ ಕೆಳಗಿನ ಬದಿಗೆ ಹೋಗಿ ನಾ ಬಗ್ಗಿದೆ.

ಪಾದ ತಣ್ಣಗಿದ್ವು. ಹೊರಗ ಮೇ ತಿಂಗಳ ಬಿಸಲು, ಒಳಗ ಒಲಿ ಶೆಕಿ, ಅವರ ಪಾದ ಮಾತ್ರ ಬಚ್ಚಲ ಕಲ್ಲಿನಂಗ ತಣ್ಣಗ. ನಾ ಬಗ್ಗಿದಾಕಿ ಏಳಲಿಲ್ಲ. ನನ್ನ ಎರಡು ಬೆರಳು ತಾವ ಹೋಗಿ ಅವರ ಹೆಬ್ಬೆರಳು ಹಿಡದು, ಒತ್ತಿ, ಬಿಟ್ಟು ನೋಡಿದ್ವು. ಬೆಳ್ಳಗಾದ ಚರ್ಮ ಬೆಳ್ಳಗನ ಉಳೀತು. ಸೀರಿ ಜರಾ ಸರಿಸಿದೆ. ಮಳಕಾಲ ಮ್ಯಾಲ ನೀಲಿ ಬಲಿ ಹರಡಿದಂಗ ಕಲಿ ಎದ್ದಿದ್ವು. ತಲಿಯೊಳಗ ಅಂಕ ಕೂಡಾಕ ಹತ್ತಿದ್ವು. ಬ್ಯಾಡ ಅಂದ್ರೂ ಕೂಡತಿದ್ವು. ನನ್ನ ಅತ್ತಿನ್ನ ನಾ ಹಂಗ ನೋಡಾಕತ್ತೀನಿ ಅಂತ ಗೊತ್ತಾಗಿ, ಸೀರಿ ಸರಿ ಮಾಡಿ ಎದ್ದೆ.

"ದವಾಖಾನಿಗೆ ನಡೀರಿ, ಈಗಿಂದೀಗ" ಅಂದೆ.

ಭಾವ ನಕ್ಕರು. ಥರ್ಮಾಮೀಟರ್ ತಂದು ಇಟ್ಟು ತೋರಿಸಿದ್ರು; ಇರಬೇಕಾದ್ದಕ್ಕಿಂತ ಕಡಿಮಿನ ಇತ್ತು. "ನೋಡು, ಜ್ವರ ಎಲ್ಲೈತಿ? ಎಷ್ಟು ದಿನದ ಮ್ಯಾಲ ನಿದ್ದಿ ಹತ್ತೈತಿ. ಎಬ್ಬಿಸಬ್ಯಾಡ" ಅಂದ್ರು. ಕಡಿಮಿ ಇದ್ದದ್ದ ಕೆಟ್ಟದ್ದು ಅಂತ ಹೇಳಿದೆ. ಅವರ ನಗು ಹೋತು. "ಇಲಿ ಡಾಕ್ಟರ್, ನಿನ್ನ ಪಂಜರದಾಗಿನ ಜೀವ ನೋಡಿದಂಗ ನಮ್ಮವ್ವನ್ನ ನೋಡಬ್ಯಾಡ. ಬಾಯಿಗೆ ಬಂದಂಗ ಅಪಶಕುನ ಮಾತಾಡಬ್ಯಾಡ" ಅಂದ್ರು. ನಮ್ಮ ಮನಿಯವ್ರು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಕೋತ ನಿಂತಿದ್ರು. ಒಳಗಿಂದ ನೆಗೆಣ್ಣಿ, ಊಟ ಮಾಡಿ ಮಾತಾಡೂಣು ಬರ್ರಿ ಅಂತ ಕರೀತಿದ್ಲು. ಹೊತ್ತು ಹೋಗತಿತ್ತು. ನನ್ನ ಸಿಟ್ಟು ನೆತ್ತಿಗೇರಿತು. ಹಾಸಿಗಿ ಬಾಜುಕ ನಿಂತು, ಓಣಿಗೆ ಕೇಳೂಹಂಗ ಹೇಳಿದೆ:

"ಒಂದು ಇಲಿ ಹಿಂಗಾಗಿದ್ರ ಸಂಜಿತನಕಾ ಇಡತಿದ್ದಿಲ್ಲ ನಾವು."

ಟಿವಿ ಒಂದ ಮಾತಾಡತಿತ್ತು. ಹೊತ್ತು ಇಲ್ಲ ಅನ್ನೂದು ನನ್ನ ಅರ್ಥ ಇತ್ತು. ನಮ್ಮ ಕೆಲಸದವ್ರು ಒಬ್ಬರಿಗೊಬ್ಬರು ದಿನಾ ಅನ್ನೂ ಮಾತು ಅದು, ನಮಗ ಅದರೊಳಗ ಕ್ರೂರತನ ಕಾಣಸೂದಿಲ್ಲ. ನಮ್ಮ ಮನಿಯವ್ರು ಹೋಗಿ ಅವ್ವನ್ನ ಎರಡೂ ಕೈಲೆ ಎತ್ತಿಕೊಂಡ್ರು. ಹಂಗ ಎತ್ತಿದಾಗ ಅತ್ತಿ "ಎಲ್ಲಿಗೆ" ಅಂತ ಸುದ್ದಾ ಕೇಳಲಿಲ್ಲ. ಯಾವ ಮಾತಿಗೂ ಎದುರುತ್ತರ ಕೊಡೂ ಹೆಂಗಸು ಕೇಳಲಿಲ್ಲ ಅನ್ನೂದು ಭಾವಗೂ ಆವಾಗ ತಿಳದಿರಬೇಕು. ಚಪ್ಪಲಿ ಹಾಕ್ಕೊಳ್ಳಲಾರದ ಕಾರಿಗೆ ಓಡಿ ಬಂದ್ರು.

ದಾರಿಯುದ್ದಕ್ಕೂ ಅವರ ತಲಿ ನನ್ನ ತೊಡಿ ಮ್ಯಾಲ ಇತ್ತು. ಉಸರು ಸಣ್ಣಗ, ಲಗು ಲಗು ಬರತಿತ್ತು. ಬೆಳಗಾವಿ ಬರೂ ಮೊದಲ, ಪೀರನವಾಡಿ ಹಂತೇಕ, ಕಾರು ಹೊಡಿಯಾಕತ್ತಿದ್ದ ನಮ್ಮ ಮನಿಯವ್ರು ಕನ್ನಡಿಯೊಳಗ ನನ್ನ ನೋಡಿ, "ನಿಮ್ಮ ಔಷಧ ಫ್ರಿಜ್ಜಿನೊಳಗ ಇರತೈತಲ್ಲ. ಹೋಗಿ ತರೂಣೇನು?" ಅಂತ ಕೇಳಿದ್ರು. ಕೇಳಬಾರದ್ದನ್ನ ಏನೂ ಕೇಳಲಿಲ್ಲ ಅವ್ರು. "ಯಾವ ಟ್ಯೂಬಿನೊಳಗ ಔಷಧ, ಯಾವುದರೊಳಗ ನೀರು ಅಂತ ನನಗ ಗೊತ್ತಿಲ್ಲ" ಅಂದೆ. "ಗೊತ್ತಿದ್ದಾಕಿಗೆ ಫೋನ್ ಮಾಡು" ಅಂದ್ರು. ಫೋನ್ ಕೈಯಾಗ ಇತ್ತು. ಗೆಳತಿ ನಂಬರ್ ತಗದೆ ಸುದ್ದಾ. ಆ ಔಷಧ ಮನಶ್ಯಾರಿಗೆ ಏನು ಮಾಡತೈತೋ ಯಾರಿಗೂ ಗೊತ್ತಿಲ್ಲ. ನಮ್ಮ ಇಲಿಗೂ ನಂಜು ಏರೂ ಮೊದಲ ಕೊಟ್ರ ಕೆಲಸ ಮಾಡತಿತ್ತು, ತಡಾ ಮಾಡಿ ಕೊಟ್ರ ಕೆಂಪೂ ಒಂದ, ಹಸರೂ ಒಂದ. ಇದೆಲ್ಲಾ ಗೊತ್ತಿದ್ದೂ ಬೆರಳು ಆ ನಂಬರಿನ ಮ್ಯಾಲ ಭಾಳ ಹೊತ್ತು ಇತ್ತು. ಆಮ್ಯಾಲ ಫೋನ್ ಬ್ಯಾಗಿನ್ಯಾಗ ಇಟ್ಟು, "ಅದು ತಡಾ ಆದವ್ರಿಗೆ ಅಲ್ಲ" ಅಂದೆ. ಅವ್ರು ಮತ್ತ ಕನ್ನಡಿ ನೋಡಲಿಲ್ಲ.

ಬೆಳಗಾವಿಯ ದೊಡ್ಡ ದವಾಖಾನಿಯೊಳಗ ಅವರನ್ನ ಒಳಗ ತಗೊಂಡು ಹೋದ್ರು. ಮುಖಕ್ಕ ಆಕ್ಸಿಜನ್ ಮಾಸ್ಕ್, ಕುತ್ತಿಗಿಗೆ ಸೂಜಿ, ಸಲೈನ್ ಮ್ಯಾಲ ಸಲೈನ್. ಇನ್ನ ಜರಾ ತಡಾ ಆಗಿದ್ರ ನಮ್ಮ ಕೈಯಾಗ ಇರತಿದ್ದಿಲ್ಲ ಅಂದ್ರು ಅಲ್ಲಿ ಡಾಕ್ಟರ್. ಭಾವ ಗ್ವಾಡಿ ಕಡೆ ಮುಖ ಮಾಡಿ ಅತ್ತರು. ಆಮ್ಯಾಲ ಸುಮಾರು ದಿನಾ ಕಿಡ್ನಿ ನಿಂತು, ಮತ್ತ ಶುರು ಆಗಿ, ಬೆರಳ ತುದಿ ಕರ್ರಗಾಗಿ ಅದನ್ನ ಕತ್ತರಿಸಿ, ಏನೇನೋ ಆತು. ಆ ದಿನಗಳೊಳಗ ಒಮ್ಮೆ ನಾ ಲ್ಯಾಬಿಗೆ ಹೋಗಬೇಕಾತು. ಇಲಿ ಎಲ್ಲಾ ಎಂದಿನಂಗ ಬೆನ್ನು ಕೊಟ್ಟು ಕುಂತಿದ್ವು, ಒಂದು ಮಾತ್ರ ಗುಂಪಿನಿಂದ ಬ್ಯಾರೆ ಆಗಿ, ತಿರುಗಿ ನನ್ನ ನೋಡತಿತ್ತು. ಕಾಲು ಮುಟ್ಟಿದೆ. ತಣ್ಣಗಿತ್ತು. ಅದಕ್ಕ ಗ್ಯಾಸ್ ಕೊಡಾಕ ನನ್ನ ಕೈ ಏಳಲಿಲ್ಲ. ಇನ್ನೊಬ್ಬರನ್ನ ಕರದು ಹೇಳಿ ಹೊರಗ ಬಂದು ನಿಂತೆ.

ಅತ್ತಿ ಉಳದ್ರು. ಅವ್ರು ಖಾನಾಪುರಕ್ಕ ಹೋಗಿ ಸುಧಾರಿಸಿಕೊಂಡ ಮ್ಯಾಲ ನಾವು ನೋಡಾಕ ಹೋದ್ವಿ, ಮಳಿ ಶುರು ಆಗಿತ್ತು. ಭಾವ ಓಣಿಗೆಲ್ಲಾ ಹೇಳಿದ್ರು, ಪಾದ ಮುಟ್ಟಿದ ಕೂಡಲೆ ಹೇಳಿಬಿಟ್ಟಳು ಅಂತ. ಅದರ ಪರಿಣಾಮ ನನಗ ಕಟ್ಟಿ ಮ್ಯಾಲನ ಕಾಣಿಸ್ತು. ಬಾಜು ಮನಿ ಅಜ್ಜಿ ನನ್ನ ನೋಡಿ ನಕ್ಕು, ಕುಂದರ್ರಿ ಅಂತ ಜಾಗಾ ಮಾಡಿ, ತನ್ನ ಎರಡೂ ಪಾದ ಸೀರಿಯೊಳಗ ಎಳಕೊಂಡ್ಲು. ನಾ ಕುಂದರಲಾರದ ಒಳಗ ಹೋದೆ.

ಅತ್ತಿ ಹಾಸಿಗಿ ಮ್ಯಾಲ ಎದ್ದು ಕುಂತಿದ್ರು, ಹಣಿ ತುಂಬ ವಿಭೂತಿ. ನನ್ನ ಬಾಜುಕ ಕುಂದರಿಸಿಕೊಂಡು ಊಟ, ಕೆಲಸ, ಎಲ್ಲಾ ಕೇಳಿದ್ರು. ಒಮ್ಮೆನೂ ಬೈಯಲಿಲ್ಲ. ಉಳದವ್ರು ಹೊರಗ ಹೋದಾಗ ದನಿ ಇಳಿಸಿ ಹೇಳಿದ್ರು: "ಅವತ್ತು ಕಣ್ಣು ಪೂರಾ ತೆರಿಯಾಕ ಆಗತಿದ್ದಿಲ್ಲ, ಆದ್ರ ಕಿವಿ ಕೇಳತಿತ್ತು. ಸಂಜಿತನಕಾ ಇಡೂದಿಲ್ಲ ಅಂದಿ ನೀನು. ದವಾಖಾನ್ಯಾಗ ಯಾರೋ ಕೈಗವಸು ಹಾಕ್ಕೊಂಡು ಮುಖದ ಮ್ಯಾಲ ಅದೇನೋ ಇಟ್ರಲ್ಲ, ನೀನ ಅಂತ ತಿಳದೆ. ಗ್ಯಾಸ್ ಅಂತ ತಿಳದೆ. ಎಷ್ಟು ಆಗತೈತೋ ಅಷ್ಟು ಉಸರು ಹಿಡದು ಹಿಡದು ಮಲಗಿದ್ದೆ."

ಅದು ಆಕ್ಸಿಜನ್ ಇತ್ರೀ ಅತ್ತಿ ಅಂದೆ. "ಗೊತ್ತೈತಿ" ಅಂದ್ರು. "ನೀ ನನ್ನ ಉಳಿಸಿದಿ ಅನ್ನೂದು ಗೊತ್ತೈತಿ. ದಿನಾ ನನಗ ನಾನ ಹೇಳಿಕೋತೀನಿ." ಹೇಳಿ ನನ್ನ ತಲಿ ಸವರಾಕ ಕೈ ಎತ್ತಿದ್ರು, ಕೈ ಅರ್ಧಕ್ಕ ನಿಂತು ದಿಂಬಿನ ಮ್ಯಾಲ ಇಳೀತು. ನಾ ಅಲ್ಲೆ ಅವರ ಮುಂದನ ಅತ್ತೆ. ಅವರೂ ಅತ್ತರು, ನನ್ನ ಕೈ ಮಾತ್ರ ಹಿಡಕೊಳ್ಳಲಿಲ್ಲ.

ಹೊಂಡೂ ಹೊತ್ತಿಗೆ ನಮ್ಮ ಮನಿಯವ್ರು ನಮಸ್ಕಾರ ಮಾಡಿದ್ರು. ಆಮ್ಯಾಲ ನನ್ನ ಪಾಳಿ. ನಾ ಹಿಂಜರಿದದ್ದನ್ನ ನೋಡಿ ಅತ್ತಿ ತಾವ ಎರಡೂ ಪಾದ ಹಾಸಿಗಿಯಿಂದ ಕೆಳಗ ಬಿಟ್ಟು, "ಬಾ" ಅಂದ್ರು. ಎರಡೂ ಕೈಲೆ ಮಂಚದ ಅಂಚು ಬಿಗಿಯಾಗಿ ಹಿಡದಿದ್ರು. ನಾ ಬಗ್ಗಿದೆ. ಪಾದ ಅಲುಗಾಡಲಾರದಂಗ ಅವರು ಇಟ್ಟಿದ್ರು, ಆದ್ರ ಬೆರಳೆಲ್ಲಾ ಒಳಗ ಮಡಚಿಕೊಂಡಿದ್ವು. ಅವು ಬೆಚ್ಚಗ ಇದ್ವೋ ಇಲ್ಲೋ ನನಗ ಗೊತ್ತಾಗಲಿಲ್ಲ. ಅವರ ಪಾದದ ಮುಂದಿನ ನೆಲ ಮುಟ್ಟಿ, ಆ ಕೈ ಕಣ್ಣಿಗೆ ಒತ್ತಿಕೊಂಡು ಎದ್ದೆ. ನಾ ಎದ್ದ ಮ್ಯಾಲ ಅತ್ತಿ ಉಸರು ಬಿಟ್ರು.